ಪೋಸ್ಟರಿಗೆ ಕೂಡುವ ಮೊದಲು ಅಕ್ಷರದ ಜಾಡು ಹಿಡಿಯಿರಿ

ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಕನ್ನಡದಲ್ಲಿ ಒಂದು ಪೋಸ್ಟರ್ ಮಾಡುವ ಕೆಲಸ ಬಂದಿದೆ ಎಂದುಕೊಳ್ಳಿ. ಕೂಡಲೇ ಕಂಪ್ಯೂಟರ್ ತೆರೆದು ಫಾಂಟ್ ಪಟ್ಟಿ ಉರುಳಿಸಬೇಡಿ. ಮೊದಲ ಒಂದು ವಾರ, ಕನ್ನಡ ಅಕ್ಷರ ಹಿಂದೆ ಹೇಗೆ ಅಚ್ಚಾಗುತ್ತಿತ್ತು ಎಂಬ ಹುಡುಕಾಟಕ್ಕೇ ಇರಲಿ.

ಶುರು ಮಾಡುವುದು ಹಳೆಯ ಕಾಗದಗಳಿಂದ. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರೇ ಇದೆ. ಅಲ್ಲಿನ ಹಳೆಯ ಪ್ರೆಸ್ಸುಗಳಲ್ಲಿ ವಿಚಾರಿಸಿ, ಮನೆಯ ಟ್ರಂಕನ್ನೂ ತಡಕಾಡಿ: ಲಗ್ನಪತ್ರಿಕೆ, ಪಂಚಾಂಗ, ನಾಟಕದ ಹ್ಯಾಂಡ್‌ಬಿಲ್ಲು, ಏನೂ ಆದೀತು. ಹಾಳೆ ತಿರುಗಿಸಿ ಹಿಂಬದಿಗೆ ಬೆರಳಾಡಿಸಿ. ಅಕ್ಷರದ ಗುರುತು ಉಬ್ಬಿ ಕೈಗೆ ತಗುಲಿದರೆ ಅದು ಬಹುಮಟ್ಟಿಗೆ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕಿದ್ದು. ಮೊಳೆ ಬಳಸದ ಆಫ್‌ಸೆಟ್ ಮುದ್ರಣ ಆದರೆ ನುಣ್ಣಗಿರುತ್ತದೆ. ಹಾಳೆಯ ಅಡಿಯಲ್ಲಿ ಪ್ರೆಸ್ಸಿನ ಹೆಸರು, ಇಸವಿ ಇದ್ದರೆ ಬರೆದುಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಇವನ್ನು ಕಾಲದ ಸಾಲಿನಲ್ಲಿ ಇಡಲು ಶುರುವಿಗೆ ಮೂರು ಇಸವಿ ಸಾಕು. ಮಿಷನರಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನದಲ್ಲಿ, ಬಂತು. ಕಿಟೆಲ್ ನಿಘಂಟು 1894ರದು. ನಂತರದ್ದನ್ನು ನಿಮ್ಮ ಕೈಯಲ್ಲಿರುವ ಹಾಳೆಗಳೇ ತುಂಬಲಿ.

ಈಗ ಲೇಔಟ್. ಹೆಚ್ಚು ಸಮಯ ಇಲ್ಲೇ ಕೊಡಿ, ಏಕೆಂದರೆ ಕನ್ನಡ ಪೋಸ್ಟರುಗಳು ಬಹುತೇಕ ಕೆಡುವುದು ಇಲ್ಲೇ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು. ಇಂಗ್ಲಿಷಿಗೆ ಹೊಂದಿಸಿಟ್ಟ ಸಾಲಂತರದಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಆಯ್ದ ಫಾಂಟಿನಲ್ಲಿ ‘ಲಕ್ಷ್ಮೇಶ್ವರ’, ‘ಅಣ್ಣಿಗೇರಿ’, ‘ರಾಷ್ಟ್ರ’ ಎಂದು ಒಂದರ ಕೆಳಗೊಂದು ಟೈಪಿಸಿ. ‘ಕ್ಷ್ಮೇ’ಯಲ್ಲಿ ಎರಡು ಒತ್ತೂ ಬಿಡಿಬಿಡಿಯಾಗಿ ಓದಲು ಬರುತ್ತವೆಯೇ? ಬಾರದಿದ್ದರೆ ಆ ಫಾಂಟ್ ಬಿಟ್ಟುಬಿಡಿ, ಎಷ್ಟೇ ಚೆಂದವಿರಲಿ. 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲಂತರದಿಂದ ಶುರು ಮಾಡಿ, ಕಣ್ಣಿಗೆ ಹಿತವಾಗುವವರೆಗೆ ಹೆಚ್ಚುಕಡಿಮೆ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಹೆಸರಿನದೇ ಒಂದು ಫಾಂಟ್ ಉಚಿತವಾಗಿ ಸಿಗುತ್ತದೆ. ಅದರ ಗೆರೆಗಳ ತುದಿ ದುಂಡಗೆ, ಕೈಬರಹದ ಸಲಿಗೆ ಇದೆ. ಶೀರ್ಷಿಕೆಗೆ ಒಮ್ಮೆ ಇಟ್ಟು ನೋಡಿ.

ಬಣ್ಣವನ್ನು ಪರದೆಯಲ್ಲಿ ಹುಡುಕಬೇಡಿ, ಬ್ಯಾಡಗಿ ಪೇಟೆಗೆ ಹೋಗಿ. ಒಂದು ಹಿಡಿ ಕಾಯಿ ತಂದು ಬೆಳಗಿನ ಬೆಳಕಲ್ಲಿ ಬಿಳಿ ಹಾಳೆ ಮೇಲೆ ಹರಡಿ. ಸುಕ್ಕಿನ ಒಳಗೆ ಕಪ್ಪೊಡೆದ ಕೆಂಪು, ಸುಕ್ಕಿನ ಏಣಿನ ಮೇಲೆ ಹೊಳಪಿನ ಕೆಂಪು, ತೊಟ್ಟಿನಲ್ಲಿ ಒಣಹುಲ್ಲಿನ ಬಣ್ಣ. ಮೂರೇ ಬಣ್ಣ ಸಾಕು, ಅಕ್ಷರದ ಕಪ್ಪು ಬಿಟ್ಟರೆ ನಾಲ್ಕನೆಯದು ಬೇಡ. ಫೈಲನ್ನು ಆರಂಭದಲ್ಲೇ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಇಡಿ. ಪರದೆಯ ಝಗಮಗ ಕಾಗದಕ್ಕೆ ಇಳಿಯುವುದಿಲ್ಲ. ಸಣ್ಣ ಅಕ್ಷರ ಮಾತ್ರ ಬರಿಯ ಕಪ್ಪಿನಲ್ಲೇ ಇರಲಿ. ಕೆಂಪಿಗೆ ಎರಡು ಮೂರು ಶಾಯಿ ಒಂದರ ಮೇಲೊಂದು ಬೀಳಬೇಕು, ಕೂದಲೆಳೆ ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಕೊನೆಗೆ ಪ್ರೆಸ್ಸಿನವರಿಂದ, ಪೋಸ್ಟರಿಗೆ ಬಳಸುವ ಕಾಗದದ ಮೇಲೆಯೇ ಒಂದು ಪ್ರೂಫ್ ತೆಗೆಸಿ. ಅದನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರ ನಿಂತು ಓದಿ, ತಿದ್ದುಪಡಿ ಅಲ್ಲೇ ಗುರುತು ಹಾಕಿ ವಾಪಸ್ ಕೊಡಿ.