ಕಬನಟುವಾನ್ ಬಿಡುಗಡೆ ಮರಳಿನ ಮೇಲೆ: ನನ್ನ ಅನುಭವ

ಯುದ್ಧಕೈದಿಗಳ ಬಿಡುಗಡೆ ಹೇಗೆ ನಡೆಯುತ್ತದೆ ಎಂದು ಕಲಬುರಗಿಯ ಎನ್‌ಸಿಸಿ ಮಕ್ಕಳಿಗೆ ತೋರಿಸಲು ನಾನು ಹಿಡಿಯುವುದು ಫಿಲಿಪೈನ್ಸ್‌ನ ಕಬನಟುವಾನ್ ಶಿಬಿರ, 1945ರ ಜನವರಿ 30ರ ರಾತ್ರಿ. ಜಪಾನಿಯರು ಅಲ್ಲಿ ಹಿಡಿದಿಟ್ಟಿದ್ದ ಯುದ್ಧಕೈದಿಗಳನ್ನು ಅಮೆರಿಕದ ಸೈನಿಕರು ಫಿಲಿಪಿನೊ ಗೆರಿಲ್ಲಾಗಳ ಜೊತೆ ಸೇರಿ ಬಿಡಿಸಿದರು. ಅದನ್ನು ಮರಳಿನ ಮಾದರಿಯಲ್ಲಿ ತೋರಿಸುತ್ತೇನೆ. ಶಿಬಿರ ಸುಮಾರು 730 ಮೀಟರ್ ಉದ್ದ, 550 ಮೀಟರ್ ಅಗಲ. ಒಂದು ಸೆಂ.ಮೀ.ಗೆ 10 ಮೀಟರ್ ಲೆಕ್ಕದಲ್ಲಿ 6 ಅಡಿಗೆ 4 ಅಡಿಯ ಟ್ರೇ ಸಾಕು, ಮುಂದಿನ ಬಯಲಿಗೂ ಜಾಗ ಉಳಿಯುತ್ತದೆ.

ಮರಳು 3 ಸೆಂ.ಮೀ. ದಪ್ಪ ಇರಲಿ. ಅಷ್ಟೇ ಒಂದು ಕ್ವಿಂಟಲ್ ತೂಗುತ್ತದೆ. ಇನ್ನೂ ಹಾಕಿದರೆ ಪ್ಲೈವುಡ್ ನಡುವೆ ಬಾಗುತ್ತದೆ. ಮೇಜು ಬೇಡ, ಫರಸಿ ನೆಲದ ಮೇಲೇ ಇಡಿ. ಜರಡಿ ಹಿಡಿದ ಹೊಳೆ ಮರಳೇ ಬೇಕು. ಹೊಲದ ಎರಿ ಮಣ್ಣು ಬೆರೆಸಿದರೆ ಒಣಗುತ್ತಲೇ ಬಿರುಕು ಬಿಡುತ್ತದೆ, ಬಿರುಕು ಕಂದಕದ ಹಾಗೆ ಕಾಣುತ್ತದೆ. ಈ ಮಾದರಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಶಿಬಿರದ ಮುಂದಿನ ಬಯಲಿನಲ್ಲಿ ಸೈನಿಕರಿಗೆ ಮರೆಯೇ ಇರಲಿಲ್ಲ, ತೆವಳಿಕೊಂಡೇ ದಾಟಿದರು. ಹಲಗೆ ಎಳೆದು ಬಯಲನ್ನು ಸಪಾಟು ಮಾಡಿ. ನಮ್ಮ ಬಿಸಿಲಿಗೆ ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸದಿದ್ದರೆ ಅಂಚು ಜಾರುತ್ತದೆ.

ಎಂಟು ಅಡಿಯ ಮುಳ್ಳುತಂತಿ ಬೇಲಿ ಈ ಅಳತೆಯಲ್ಲಿ ಎರಡೂವರೆ ಮಿಲಿಮೀಟರ್, ಕಣ್ಣಿಗೇ ಬೀಳುವುದಿಲ್ಲ. ಬೇಲಿಯನ್ನು ಮಾತ್ರ ಹತ್ತು ಪಟ್ಟು ಎತ್ತರಿಸಿ. ಕಸಬರಿಗೆ ಕಡ್ಡಿ ಮರಳಿನ ಮೇಲೆ ಎರಡೂವರೆ ಸೆಂ.ಮೀ. ಕಾಣಬೇಕು. ವಿಮಾನದ ಎತ್ತರ ಮಾತ್ರ ಮಾದರಿಯ ಅಳತೆಯಲ್ಲೇ ಇರಲಿ. ಅಮೆರಿಕದ ಪಿ-61 ಯುದ್ಧವಿಮಾನ ಸುಮಾರು 1500 ಅಡಿ ಎತ್ತರದಲ್ಲಿ ಎಂಜಿನ್ ಕೆಟ್ಟಂತೆ ನಟಿಸಿ ಕಾವಲುಗಾರರ ಕಣ್ಣನ್ನು ಆಕಾಶಕ್ಕೆ ಸೆಳೆಯಿತು. ದಾರಕ್ಕೆ ಕಟ್ಟಿ 45 ಸೆಂ.ಮೀ. ಮೇಲೆ ತೂಗಿಬಿಡಿ. ಮಕ್ಕಳು ತಲೆ ಎತ್ತಿದಾಗ ಬಯಲಿನ ಕಾಳುಗಳನ್ನು ಮುಂದೆ ಸರಿಸಿ. ವಿವರಣೆಯೇ ಬೇಕಾಗುವುದಿಲ್ಲ.

ಕಾಳು ಅಂದೆ: ದಾಳಿಯ ಮುಖ್ಯಸ್ಥ ಹೆನ್ರಿ ಮುಸ್ಸಿಯವರ 121 ರೇಂಜರ್‌ಗಳಿಗೆ (ದಿಢೀರ್ ದಾಳಿಗೆ ತರಬೇತಾದ ಅಮೆರಿಕದ ಸೈನಿಕರು) 121 ಜೋಳದ ಕಾಳು. ಒಂದು ತುಕಡಿ ಹಿಂಬದಿಗೆ, ಉಳಿದವರು ಕ್ಯಾಪ್ಟನ್ ರಾಬರ್ಟ್ ಪ್ರಿನ್ಸ್ ಯೋಜನೆಯಂತೆ ಮುಂಬಾಗಿಲಿಗೆ. ಕಾಬು ಸೇತುವೆ ಕಡೆ ಹುವಾನ್ ಪಹೋಟಾ, ಕಬನಟುವಾನ್ ಊರಿನ ಕಡೆ ಎಡ್ವರ್ಡೊ ಹೊಸೋನ್. ಈ ಫಿಲಿಪಿನೊ ಗೆರಿಲ್ಲಾಗಳಿಗೆ ಬೇರೆ ಬಣ್ಣ ಕೊಡಿ. ಅವರು ರಸ್ತೆ ತಡೆಯದಿದ್ದರೆ ಬಾಗಿಲು ಒಡೆದೂ ಫಲವಿರಲಿಲ್ಲ. ರಸ್ತೆಯಲ್ಲಿ ಜಪಾನಿ ಪಡೆಗಳ ಓಡಾಟ ಇದೆ, ದಾಳಿಯನ್ನು ಒಂದು ದಿನ ಮುಂದೂಡಿ ಎಂದದ್ದೂ ಪಹೋಟಾ. ಕಾಳುಗಳನ್ನು ರಟ್ಟಿನ ಮೇಲೆ ಅಂಟಿಸಿ ಇಡಿ, ತೇವಕ್ಕೆ ಮೊಳಕೆ ಬರುತ್ತವೆ.

ಮೊದಲ ಗುಂಡಿಗೆ ಗೊತ್ತುಮಾಡಿದ್ದು ಸಂಜೆ 7:30, ಹಾರಿದ್ದು ಸುಮಾರು 7:45ಕ್ಕೆ. ಕಾದಾಟ ಅರ್ಧ ಗಂಟೆಯೊಳಗಿನದು, ಬೇಗ ಮುಗಿಸಿ. ಹೆಚ್ಚಿನ ಮಾದರಿಗಳು ಬಾಗಿಲಲ್ಲೇ ನಿಂತುಬಿಡುತ್ತವೆ; ನಿಜವಾದ ಕೆಲಸ ಆಮೇಲಿನದು. ಒಳಗಿದ್ದದ್ದು ಹಸಿವು, ರೋಗದಿಂದ ಸೊರಗಿದ 500ಕ್ಕೂ ಹೆಚ್ಚು ಜನ, ಹಲವರಿಗೆ ನಡೆಯಲೂ ಆಗುತ್ತಿರಲಿಲ್ಲ. ರೇಂಜರ್‌ಗಳ ಹೊಸ ಸಮವಸ್ತ್ರ ಗುರುತು ಸಿಗದೆ ಇದು ಜಪಾನಿಯರ ಕುತಂತ್ರ ಎಂದು ಹೊರಡಲು ಹಿಂಜರಿದವರೂ ಇದ್ದರು. ಹಿಂದಿನ ಡಿಸೆಂಬರ್ 14ರಂದು ಫಿಲಿಪೈನ್ಸ್‌ನದೇ ಪಲವಾನ್ ದ್ವೀಪದಲ್ಲಿ ಜಪಾನಿಯರು 139 ಕೈದಿಗಳನ್ನು ಕೊಂದಿದ್ದರು, ಇಲ್ಲೂ ಹಾಗಾಗಬಾರದೆಂದೇ ಈ ಅವಸರ.

ಬಿಡುಗಡೆಯಾದವರನ್ನು ಸಾಗಿಸಿದ ದಾರಿ ತೋರಿಸಲು ಟ್ರೇಯ ಪಕ್ಕ ಹತ್ತು ಅಡಿ ಗೋಣಿ ಹಾಸಿ, ಪಂಪಾಂಗಾ ನದಿಗೆ ನೀಲಿ ಬಟ್ಟೆ ಎಳೆಯಿರಿ. ನದಿಯ ಹತ್ತಿರ 26 ತೊಗರಿ ಕಾಳು ಇಡಿ, ಅವು ಕೋಣದ ಬಂಡಿಗಳು. ಹಳ್ಳಿ ಹಳ್ಳಿಗೂ ಜನ ಬಂಡಿ ಕಟ್ಟಿಕೊಂಡು ಬಂದು ಸೇರಿದರು. ಕೊನೆಗೆ 106 ಆಗಬೇಕು. ಈ ಕಾಳುಗಳನ್ನು ಮಕ್ಕಳ ಕೈಯಿಂದಲೇ ಇಡಿಸಿ. ಶಿಬಿರದ ಶೌಚದ ಮೂಲೆಯಲ್ಲಿ ಒಂದು ಕಾಳು ಬಿಟ್ಟಿರಿ. ಅದು ಎಡ್ವಿನ್ ರೋಸ್, ಕಿವಿ ಕೇಳದ ಬ್ರಿಟಿಷ್ ಕೈದಿ. ಗದ್ದಲ ಅವರಿಗೆ ಕೇಳಲೇ ಇಲ್ಲ. ಆಮೇಲೆ ಗೆರಿಲ್ಲಾಗಳು ಕರೆತಂದರು.