ಆಲೆಮನೆಯಿಂದ ಶುರು ಮಾಡಿ: ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿರುವವರಿಗೆ

ಅಕ್ಕನ ಮಗಳು ಕೆಮಿಕಲ್ ಬ್ರಾಂಚ್ ಸೇರಿ ಈಗ ಮೂರನೇ ಸೆಮಿಸ್ಟರ್. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ಆನ್‌ಲೈನಲ್ಲಿ ಆರು ಸರ್ಟಿಫಿಕೇಟ್ ಮಾಡ್ಕೊಂಡೆ, ಇನ್ನೇನು ಮಾಡ್ಲಿ?" ಅಂದಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹದಿನಾಲ್ಕು ವರ್ಷದಿಂದ ಪ್ರೋಸೆಸ್ ಎಂಜಿನಿಯರ್ ಆಗಿದ್ದೇನೆ. ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರ ಸಂದರ್ಶನಕ್ಕೂ ಕೂತಿದ್ದೇನೆ. ಸರ್ಟಿಫಿಕೇಟ್ ಇರುವ ಪುಟವನ್ನು ಓದುವುದಿಲ್ಲ, ತಿರುವಿ ಹಾಕುತ್ತೇನೆ. ಎಷ್ಟೇ ಚಿಕ್ಕದಿರಲಿ, ಒಂದೇ ಒಂದು ಪ್ಲಾಂಟನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಲೆಕ್ಕ ಹಾಕಿದ್ದಾರಾ ಎಂದು ಕೇಳುತ್ತೇನೆ. ಹಾಗೆ ನೋಡಿದವರು ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತಾರೆ.

ನನ್ನ ಮೊದಲ ಪ್ಲಾಂಟ್ ಮಂಡ್ಯದ ಕಡೆ ನಮ್ಮ ಮಾವನ ಆಲೆಮನೆ. ನಗಬೇಡಿ. ಗಾಣ, ಕೊಪ್ಪರಿಗೆ, ಒಲೆ, ಹೊಗೆಗೂಡು ಎಲ್ಲ ಸೇರಿದರೆ ಅದೊಂದು ಇವಾಪೊರೇಟರ್, ಅಂದರೆ ನೀರನ್ನು ಆವಿ ಮಾಡಿ ರಸ ಗಟ್ಟಿ ಮಾಡುವ ಯಂತ್ರ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ಮೇಲೆ ತರುತ್ತಾರಲ್ಲ, ನಿಮ್ಮ ಪಠ್ಯದಲ್ಲಿ ಅದಕ್ಕೆ ಫ್ಲಾಕ್ಯುಲೇಶನ್ ಎಂದಿದೆ. ಒಂದು ನೋಟ್‌ಬುಕ್ ಹಿಡಿದು ಹೋಗಿ ಈ ಲೆಕ್ಕ ಹಾಕಿ.

100 ಕೆ.ಜಿ. ಕಬ್ಬಿನ ಹಾಲು. ಬ್ರಿಕ್ಸ್ 18 ಎಂದುಕೊಳ್ಳಿ, ಅಂದರೆ ಕರಗಿರುವ ಘನ ಪದಾರ್ಥ 18 ಕೆ.ಜಿ. ಬೆಲ್ಲದಲ್ಲಿ ನೀರು ಹತ್ತರಲ್ಲಿ ಒಂದು ಪಾಲು ಎಂದು ಹಿಡಿದರೆ ಬೆಲ್ಲ 20 ಕೆ.ಜಿ., ಆವಿಯಾಗಬೇಕಾದ ನೀರು 80 ಕೆ.ಜಿ. ಒಂದು ಕೆ.ಜಿ. ನೀರು 100 ಡಿಗ್ರಿಯಲ್ಲಿ ಆವಿಯಾಗಲು 2,257 ಕಿಲೋಜೌಲ್ ಬೇಕು. ಹಾಲನ್ನು ಕುದಿಯುವ ತನಕ ಕಾಯಿಸುವ ಶಾಖವನ್ನೂ ಸೇರಿಸಿದರೆ ಒಟ್ಟು ಸುಮಾರು 2.1 ಲಕ್ಷ ಕಿಲೋಜೌಲ್. ಚೆನ್ನಾಗಿ ಒಣಗಿದ ಕಬ್ಬಿನ ಸಿಪ್ಪೆ ಕೆ.ಜಿ.ಗೆ ಹತ್ತಿರಹತ್ತಿರ 15,000 ಕಿಲೋಜೌಲ್ ಕೊಡುತ್ತದೆ. ಹಾಗಾದರೆ 14 ಕೆ.ಜಿ. ಸಿಪ್ಪೆ ಸಾಕು. ನಾನು ಮಾವನ ಒಲೆಗೆ ಹಾಕುವ ಸಿಪ್ಪೆಯನ್ನು ತೂಗಿ ನೋಡಿದಾಗ ಬಂದದ್ದು ಅದರ ಎರಡರಷ್ಟಕ್ಕೂ ಮೇಲೆ. ಉಳಿದದ್ದು ಎಲ್ಲಿ ಹೋಯಿತು? ಹೊಗೆಗೂಡಿನ ಬಿಸಿ ಹೊಗೆಯಲ್ಲಿ, ಒಲೆಯ ಗೋಡೆಯಲ್ಲಿ, ಸರಿಯಾಗಿ ಉರಿಯದ ಸಿಪ್ಪೆಯಲ್ಲಿ. ಮಾಸ್ ಬ್ಯಾಲೆನ್ಸ್, ಎನರ್ಜಿ ಬ್ಯಾಲೆನ್ಸ್ ಎನ್ನುವ ಎರಡು ಪೇಪರ್ ನನಗೆ ಅರ್ಥವಾದದ್ದು ಆ ಮಧ್ಯಾಹ್ನ.

ಇದಾದ ಮೇಲೆ ಸಕ್ಕರೆ ಕಾರ್ಖಾನೆಗೆ ಹೋದರೆ ಕಣ್ಣು ತಾನಾಗಿ ತೆರೆಯುತ್ತದೆ. ಅಲ್ಲಿ ನಾಲ್ಕು ಬಾಡಿ (ರಸ ಕುದಿಸುವ ಮುಚ್ಚಿದ ಪಾತ್ರೆ) ಸಾಲಾಗಿ ನಿಂತಿರುತ್ತವೆ. ಮೊದಲನೆಯದರ ಆವಿಯೇ ಎರಡನೆಯದನ್ನು ಕುದಿಸುತ್ತದೆ, ಅದರ ಆವಿ ಮೂರನೆಯದನ್ನು. ಕೊನೆಯದರಲ್ಲಿ ವ್ಯಾಕ್ಯೂಮ್ ಇರುವುದರಿಂದ ರಸ ಕಡಿಮೆ ಉಷ್ಣತೆಗೇ ಕುದಿಯುತ್ತದೆ. ಒಂದು ಕೆ.ಜಿ. ಹಬೆಗೆ ನಾಲ್ಕು ಕೆ.ಜಿ. ಹತ್ತಿರ ನೀರು ಹೋಗುತ್ತದೆ. ಮಾವನ ಕೊಪ್ಪರಿಗೆಯಲ್ಲಿ ಆ ಆವಿಯೆಲ್ಲ ಸೂರಿನಿಂದ ಹೊರಗೆ.

ನಿಮ್ಮ ಊರಲ್ಲಿ ಆಲೆಮನೆ ಇಲ್ಲದಿದ್ದರೆ ಹಾಲಿನ ಡೇರಿ ನೋಡಿ, ಕಾಲೇಜಿನ ಕೊಳಚೆ ನೀರು ಶುದ್ಧೀಕರಣ ಘಟಕ ನೋಡಿ. ಏನೂ ಇಲ್ಲದಿದ್ದರೆ ಹಾಸ್ಟೆಲ್ ಪಂಪ್‌ಹೌಸ್ ಇದ್ದೇ ಇದೆ. ಅದರ ಪಿ ಅಂಡ್ ಐಡಿ, ಅಂದರೆ ಪೈಪು, ವಾಲ್ವು, ಗೇಜುಗಳನ್ನೆಲ್ಲ ತೋರಿಸುವ ಚಿತ್ರ, ಬರೆಯಿರಿ. ಸಂಪು, ಫುಟ್ ವಾಲ್ವ್, ಪಂಪ್, ಪ್ರೆಶರ್ ಗೇಜ್, ನಾನ್ ರಿಟರ್ನ್ ವಾಲ್ವ್, ಗೇಟ್ ವಾಲ್ವ್, ಮೇಲಿನ ಟ್ಯಾಂಕ್. ಪೈಪನ್ನು ಕೈಯಲ್ಲಿ ಮುಟ್ಟಿಕೊಂಡೇ ನಡೆಯಿರಿ. ಪ್ಲಾಂಟಿನಲ್ಲಿ ಇದನ್ನು ಲೈನ್ ಟ್ರೇಸ್ ಮಾಡುವುದು ಅನ್ನುತ್ತಾರೆ, ಸೇರಿದ ಹೊಸದರಲ್ಲಿ ಬೇರೆ ಕೆಲಸವೇ ಕೊಡುವುದಿಲ್ಲ. (ಅಲ್ಲಿ ಮಾತ್ರ ಗೊತ್ತಿಲ್ಲದ ಪೈಪು ಮುಟ್ಟಬೇಡಿ. ಹಬೆಯ ಲೈನ್ ನೋಡುವುದಕ್ಕೆ ತಣ್ಣಗೇ ಕಾಣುತ್ತದೆ.) ಚಿತ್ರ ಮುಗಿದ ಮೇಲೆ ಪಂಪ್ ಆಪರೇಟರನ್ನು ಕೇಳಿ: "ಅಣ್ಣಾ, ಬೆಳಗ್ಗೆ ಕೆಲವು ಸಲ ನೀರು ಎತ್ತೋದಿಲ್ಲ, ಯಾಕೆ?" ಫುಟ್ ವಾಲ್ವ್ ಸೋರಿ ರಾತ್ರಿಯೆಲ್ಲ ಪೈಪಿನ ನೀರು ಸಂಪಿಗೆ ಇಳಿದಿರುತ್ತದೆ, ಪಂಪ್‌ಗೆ ಗಾಳಿ ಸೇರಿರುತ್ತದೆ ಎಂದು ಅವರೇ ಹೇಳುತ್ತಾರೆ. ಪ್ರೈಮಿಂಗ್ ಎಂಬ ಪದದ ಹಿಂದೆ ಒಂದು ಬಕೆಟ್ ನೀರು ಹುಯ್ಯುವ ಕೆಲಸ ಇದೆ ಎಂದು ಆಗ ತಿಳಿಯುತ್ತದೆ.

ಆಪರೇಟರ್ ಮಾತು ಬಂತು, ನನ್ನ ಪೆಟ್ಟನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಹಬೆಯ ಒತ್ತಡ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ 3.5 ಕೆ.ಜಿ. ತೋರಿಸುತ್ತಿತ್ತು. ಯಾವ ಒತ್ತಡಕ್ಕೆ ಹಬೆಯ ಉಷ್ಣತೆ ಎಷ್ಟು ಎಂದು ಹೇಳುವ ಸ್ಟೀಮ್ ಟೇಬಲ್ ತೆಗೆದು 138 ಡಿಗ್ರಿ ಎಂದು ಬರೆದೆ. ಲೈನಿನ ಥರ್ಮಾಮೀಟರ್ 147 ಅನ್ನುತ್ತಿತ್ತು. ಥರ್ಮಾಮೀಟರೇ ಕೆಟ್ಟಿದೆ ಎಂದು ಬದಲಾಯಿಸಲು ಚೀಟಿ ಬರೆದುಕೊಟ್ಟೆ. ಎಸ್ಸೆಸ್ಸೆಲ್ಸಿ ಓದಿದ್ದ ಹಿರಿಯ ಆಪರೇಟರ್ ಚೀಟಿ ನೋಡಿ, "ಮೇಡಂ, ಹೊರಗಿನ ಗಾಳಿ ಒತ್ತಡ ಕೂಡಿಸಿದ್ರಾ?" ಎಂದರು. ಗೇಜ್ ತೋರಿಸುವುದು ವಾತಾವರಣದ ಮೇಲಿನ ಒತ್ತಡ. ಟೇಬಲ್ಲಿನಲ್ಲಿರುವುದು ಒಟ್ಟು ಒತ್ತಡ. ಒಂದು ಕೂಡಿಸಿ ನಾಲ್ಕೂವರೆಗೆ ನೋಡಿದರೆ ಸರಿಯಾಗಿ 147. ಅವತ್ತಿನಿಂದ ಎಕ್ಸೆಲ್ ಹಾಳೆಯಲ್ಲಿ ಯಾವ ಸಂಖ್ಯೆಯ ಪಕ್ಕದಲ್ಲೂ ಯೂನಿಟ್ ಬರೆಯದೆ ಬಿಟ್ಟಿಲ್ಲ, ಒತ್ತಡವಾದರೆ ಗೇಜಾ ಅಬ್ಸೊಲ್ಯೂಟಾ ಎಂದು ಕೂಡ. ನೀವೂ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ. ಎಕ್ಸೆಲ್‌ನಲ್ಲಿ ಗೋಲ್ ಸೀಕ್, ಸಾಲ್ವರ್ ಎರಡು ಬಂದರೆ ದಿನನಿತ್ಯದ ಬಹುಪಾಲು ಲೆಕ್ಕ ನಡೆಯುತ್ತದೆ. ಪೈಥಾನ್ ಬಂದರೆ ಒಳ್ಳೆಯದು, ಆದರೆ ಎಕ್ಸೆಲ್ ಆದ ಮೇಲೆ.

ಸಿಮ್ಯುಲೇಶನ್ (ಪ್ಲಾಂಟನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು) ಕಲಿಯಲು ದುಡ್ಡು ಕೊಡಬೇಡಿ. ಡಿಡಬ್ಲ್ಯೂಸಿಮ್ ಎಂಬ ಸಾಫ್ಟ್‌ವೇರ್ ಉಚಿತ. ಐಐಟಿ ಬಾಂಬೆಯ ಫಾಸಿ ಯೋಜನೆಯವರು ವಿದ್ಯಾರ್ಥಿಗಳು ಅದರಲ್ಲಿ ಮಾಡಿದ ಫ್ಲೋಶೀಟ್‌ಗಳನ್ನು ಪರಿಶೀಲಿಸಿ ಪ್ರಕಟಿಸುತ್ತಾರೆ. ಮೊದಲ ಪ್ರಯೋಗವಾಗಿ ಎಥನಾಲ್ ಮತ್ತು ನೀರಿನ ಡಿಸ್ಟಿಲೇಶನ್ ಕಾಲಂ ಮಾಡಿ. ಪ್ರಾಪರ್ಟಿ ಪ್ಯಾಕೇಜ್ (ದ್ರವ, ಆವಿಯ ಗುಣ ಲೆಕ್ಕ ಹಾಕುವ ಸೂತ್ರ) ಕೇಳಿದಾಗ ಬೇಕೆಂದೇ ತಪ್ಪು ಮಾಡಿ, ಮಿಶ್ರಣವನ್ನು ಆದರ್ಶ ಎಂದುಕೊಳ್ಳುವ ರೌಲ್ಟ್ ನಿಯಮ ಆರಿಸಿ. ಸಾಕಷ್ಟು ಟ್ರೇ ಕೊಟ್ಟರೆ ಕಾಲಂ ಮೇಲಿನಿಂದ ಹೆಚ್ಚುಕಡಿಮೆ ಅಪ್ಪಟ ಎಥನಾಲ್ ಬರುತ್ತದೆ, ಪರದೆಯ ಮೇಲೆ ಎಲ್ಲ ಹಸಿರು. ಈಗ ಮಿಶ್ರಣದ ನಿಜವಾದ ವರ್ತನೆಯನ್ನು ಲೆಕ್ಕಕ್ಕೆ ಹಿಡಿಯುವ ಎನ್‌ಆರ್‌ಟಿಎಲ್ ಆರಿಸಿ. ತೂಕದಲ್ಲಿ 95.6 ಪರ್ಸೆಂಟ್ ಹತ್ತಿರ ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ. ಅದೇ ಅಜಿಯೋಟ್ರೋಪ್: ಅಲ್ಲಿ ಆವಿಯಲ್ಲೂ ದ್ರವದಲ್ಲೂ ಪಾಲು ಒಂದೇ, ಬರೀ ಕುದಿಸಿ ಬೇರ್ಪಡಿಸಲಾಗದು. ಕಾಕಂಬಿಯಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವ ಡಿಸ್ಟಿಲರಿಗಳಲ್ಲಿ ಕಾಲಂ ಆದ ಮೇಲೆ ನೀರು ಹೀರುವ ಮಾಲಿಕ್ಯುಲರ್ ಸೀವ್ ಯಾಕೆ ಇಟ್ಟಿರುತ್ತಾರೆ ಎಂದು ಸಂದರ್ಶನದಲ್ಲಿ ನಾನು ಕೇಳುತ್ತೇನೆ. ಒಮ್ಮೆ ಹೀಗೆ ಸುಳ್ಳು ಉತ್ತರ ಬರಿಸಿಕೊಂಡವರಿಗೆ ಅದು ಕಷ್ಟದ ಪ್ರಶ್ನೆಯಲ್ಲ.

ಸುರಕ್ಷತೆಯನ್ನು ಕಾಲೇಜಿನಲ್ಲಿ ಎಲೆಕ್ಟಿವ್ ಮಾಡಿಟ್ಟಿರುತ್ತಾರೆ. ಅದೇ ಮೊದಲ ಪೇಪರ್ ಆಗಬೇಕಿತ್ತು ಎಂಬುದು ನನ್ನ ಹಳೆಯ ತಕರಾರು. ಮನೆಯ ಕುಕ್ಕರಿಗೆ ಹ್ಯಾಜಾಪ್ ಮಾಡಿ, ಅಂದರೆ ಎಲ್ಲೆಲ್ಲಿ ಏನು ಹದ ತಪ್ಪಬಹುದು ಎಂದು ಸಾಲಾಗಿ ಹುಡುಕಿ. ಇಲ್ಲ, ಹೆಚ್ಚು, ಕಡಿಮೆ ಎಂಬ ಪದಗಳನ್ನು ಒಂದೊಂದಾಗಿ ಹಚ್ಚುತ್ತಾ ಹೋಗಿ. ಒತ್ತಡ ಹೆಚ್ಚು: ಕಾರಣ, ಹಬೆಯ ತೂತಿಗೆ ಬೇಳೆ ಸಿಕ್ಕಿಕೊಂಡದ್ದು, ತಡೆ, ಸೇಫ್ಟಿ ವಾಲ್ವ್. ನೀರು ಇಲ್ಲ: ತಳ ಹತ್ತುತ್ತದೆ, ಮತ್ತೆ ಅದೇ ಸೇಫ್ಟಿ ವಾಲ್ವಿನ ಲೋಹ ಕರಗಬೇಕು. ಕೊನೆಗೊಂದು ಪ್ರಶ್ನೆ: ಆ ವಾಲ್ವನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಟ್ಯಾಂಕಿಗೆ ನೀರು ಸೇರಿದಾಗ ಅಲ್ಲಿಯೂ ತಡೆಗಳು ಹೆಸರಿಗೆ ಇದ್ದವು. ಟ್ಯಾಂಕನ್ನು ತಣ್ಣಗಿಡುವ ರೆಫ್ರಿಜರೇಶನ್ ಮೊದಲೇ ನಿಲ್ಲಿಸಿದ್ದರು, ಅನಿಲವನ್ನು ಸುಡಬೇಕಿದ್ದ ಫ್ಲೇರ್ ಬಿಚ್ಚಿಟ್ಟಿತ್ತು. ಆ ದುರಂತದ ವರದಿಗಳನ್ನು ಓದಿ. ಲ್ಯಾಬಿನಲ್ಲಿ ಯಾವ ಬಾಟಲಿ ಮುಟ್ಟುವ ಮುಂಚೆಯೂ ಅದರ ಸೇಫ್ಟಿ ಡೇಟಾ ಶೀಟಿನ 16 ಭಾಗಗಳಲ್ಲಿ ಪ್ರಥಮ ಚಿಕಿತ್ಸೆಯ ನಾಲ್ಕನೆಯದು, ಕೈಗವಸು ಕನ್ನಡಕ ಹೇಳುವ ಎಂಟನೆಯದು, ಇವೆರಡನ್ನಾದರೂ ನೋಡಿ.

ಬರೆಯುವುದನ್ನೂ ಕಲಿಯಬೇಕು. "ಪಂಪ್ ಸರಿ ಇಲ್ಲ" ಎಂದು ಲಾಗ್‌ಬುಕ್ಕಿನಲ್ಲಿ ಬರೆದರೆ ಮುಂದಿನ ಶಿಫ್ಟಿನವರು ತಲೆ ಚಚ್ಚಿಕೊಳ್ಳುತ್ತಾರೆ. "ರಾತ್ರಿ 2.40, ಪಿ-203ಬಿ ಡಿಸ್ಚಾರ್ಜ್ ಒತ್ತಡ 6.2ರಿಂದ 4.8ಕ್ಕೆ ಇಳಿಯಿತು, ಜಲ್ಲಿ ಅರೆದಂತೆ ಸದ್ದು, 2.50ಕ್ಕೆ ಎ ಪಂಪಿಗೆ ಬದಲಾಯಿಸಿದೆ" ಎಂದರೆ ಪಂಪ್ ಎಳೆದುಕೊಳ್ಳುವ ಸಕ್ಷನ್ ಕಡೆ ಸ್ಟ್ರೈನರ್ ಜಾಲರಿ ಕಟ್ಟಿರಬಹುದು ಎಂದು ಅವರೇ ಹುಡುಕಿಕೊಳ್ಳುತ್ತಾರೆ. ಲ್ಯಾಬ್ ರೆಕಾರ್ಡನ್ನು ಸೀನಿಯರ್‌ನಿಂದ ನಕಲು ಮಾಡುವ ಬದಲು ಹೀಗೆ ಬರೆದು ನೋಡಿ. ಹಾಗೆಯೇ ಹಿಂದಿ ಸ್ವಲ್ಪ ಮಾತಾಡಲು ಕಲಿಯಿರಿ. ನಮ್ಮ ಬ್ರಾಂಚಿನ ಕೆಲಸ ಪಣಂಬೂರು, ನಂಜನಗೂಡಿನಲ್ಲಿ ಇರುವಷ್ಟೇ ಗುಜರಾತಿನ ದಹೇಜ್, ಅಂಕಲೇಶ್ವರದಲ್ಲೂ ಇದೆ.

ಇನ್ನು ಇಂಟರ್ನ್‌ಶಿಪ್. ಎಲ್ಲರೂ ಓಡುತ್ತಿರುವ ಪ್ಲಾಂಟ್ ನೋಡಲು ಆಸೆಪಡುತ್ತಾರೆ. ನನ್ನ ಸಲಹೆ ತಿರುಗುಮುರುಗು: ಸಕ್ಕರೆ ಕಾರ್ಖಾನೆಗೆ ಕಬ್ಬು ಅರೆಯುವುದು ನಿಂತ ಮೇಲೆ, ಆಫ್ ಸೀಸನ್‌ನಲ್ಲಿ ಹೋಗಿ. ಆಗ ಎಲ್ಲ ಬಿಚ್ಚಿಟ್ಟಿರುತ್ತಾರೆ. ಇವಾಪೊರೇಟರ್ ಟ್ಯೂಬಿನೊಳಗೆ ಕಟ್ಟಿದ ಸ್ಕೇಲ್ (ಗಟ್ಟಿ ಪದರ) ಉಗುರಿನಲ್ಲಿ ಕೆರೆದು ನೋಡಬಹುದು, ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಕೈಯಲ್ಲಿ ಹಿಡಿಯಬಹುದು, ವಿವರಿಸಲು ಜನರಿಗೂ ಸಮಯ ಇರುತ್ತದೆ. ಅರೆಯುವ ಕಾಲದಲ್ಲಿ ಮತ್ತೊಮ್ಮೆ ನಾಲ್ಕು ದಿನಕ್ಕೆ ಹೋಗಿ ಅದೇ ಯಂತ್ರ ಓಡುವುದನ್ನು ನೋಡಿ. ಇಮೇಲ್‌ಗೆ ಉತ್ತರ ಬರುವುದು ಕಡಿಮೆ. ಎಚ್‌ಒಡಿ ಸಹಿಯ ಪತ್ರ ಹಿಡಿದು ಬೆಳಗ್ಗೆ ಒಂಬತ್ತಕ್ಕೆ ಗೇಟ್ ಹತ್ತಿರ ನಿಲ್ಲಿ. ಚಪ್ಪಲಿಯಲ್ಲಿ ಹೋದರೆ ಸೆಕ್ಯುರಿಟಿ ಒಳಗೆ ಬಿಡುವುದಿಲ್ಲ, ಶೂ ಹಾಕಿಕೊಳ್ಳಿ. ಚೂಡಿದಾರದ ದುಪಟ್ಟಾ ಬ್ಯಾಗಿಗೆ ಹಾಕಿ, ಜಡೆಯನ್ನು ಹೆಲ್ಮೆಟ್ ಒಳಗೆ ಸೇರಿಸಿ. ಆಲೆಮನೆ ಲೆಕ್ಕದ ನೋಟ್‌ಬುಕ್ ಮರೆಯಬೇಡಿ, ಒಳಗೆ ಯಾರಾದರೂ "ಏನು ಗೊತ್ತು ನಿಮಗೆ?" ಎಂದರೆ ಅದನ್ನೇ ತೆರೆದು ತೋರಿಸಿ.