1.2 ವೋಲ್ಟ್ ಸೆಲ್ಲಲ್ಲೇ ನಾಲ್ಕು ವರ್ಷ: ವೈರ್‌ಲೆಸ್ ಮೌಸ್, ಕೀಬೋರ್ಡ್ ನಡೆಸಿದ ನನ್ನ ಅನುಭವ

‘ಮಾಮೂಲಿ ಸೆಲ್ 1.5 ವೋಲ್ಟ್, ರೀಚಾರ್ಜ್ ಸೆಲ್ ಬರೀ 1.2, ಮೌಸ್ ಓಡಲ್ಲ’ ಎಂದು ರಿಪೇರಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ನಮ್ಮ ಡಿಟಿಪಿ ಅಂಗಡಿಯ ನಾಲ್ಕು ಸೀಟುಗಳೂ ನಾಲ್ಕು ವರ್ಷದಿಂದ ಅದರಲ್ಲೇ ಓಡುತ್ತಿವೆ.

ಮೊದಲ ಸಲ ಕೈ ಸುಟ್ಟುಕೊಂಡೆ. ಮೇಲೆ 3000 ಎಂಎಎಚ್ (ಸೆಲ್ ಹಿಡಿಯುವ ಚಾರ್ಜಿನ ಅಳತೆ) ಎಂದು ಬರೆದಿದ್ದ ನಾಲ್ಕು ಸೆಲ್, ಅಗ್ಗದ ಚಾರ್ಜರ್, ಎರಡೂ ಸೇರಿ 450 ರೂಪಾಯಿ ಇರಬೇಕು. ಎರಡು ವಾರವೂ ಬಾಳಲಿಲ್ಲ. ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದ ಸೆಲ್ಲೂ ತಿಂಗಳಲ್ಲಿ ಖಾಲಿ. ಮೌಸ್ ಕುಡಿಯುವುದು ಚೂರೇ ಕರೆಂಟ್, ಸೆಲ್ಲಿನ ಚಾರ್ಜ್ ತಾನಾಗಿ ಸೋರುವುದೇ ಜಾಸ್ತಿ. ಆ ಚಾರ್ಜರ್ ಜೋಡಿಯಾಗಿಯೇ ಚಾರ್ಜ್ ಮಾಡುತ್ತಿತ್ತು. ಒಂದು ಸೆಲ್ ಕಾದು ಕೆಂಡ, ಇನ್ನೊಂದು ಅರ್ಧ ಹೊಟ್ಟೆ.

ಆಮೇಲೆ ಈ ಸೋರಿಕೆ ಕಡಿಮೆ ಇರುವ ಎನಿಲೂಪ್ ಎಂಬ ರೀಚಾರ್ಜ್ ಸೆಲ್ ತಂದೆ. 2005ರಲ್ಲಿ ಸ್ಯಾನ್ಯೋ ತಂದದ್ದು, ಈಗ ಪ್ಯಾನಸಾನಿಕ್ ಹೆಸರಲ್ಲಿದೆ. ದೊಡ್ಡದಾದ ಎಎ ಸೈಜು 2000 ಎಂಎಎಚ್, ಸಣ್ಣ ಎಎಎ ಸೈಜು 800. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಬೈಸಿಕೊಂಡೆ.

ಆದರೂ ಹುಡುಗರು ಮೂರ್ನಾಲ್ಕು ದಿನಕ್ಕೇ ಸೆಲ್ ಕಿತ್ತು ತರುತ್ತಿದ್ದರು. ಪರದೆ ಮೇಲೆ ಬ್ಯಾಟರಿ ಕೆಂಪಾಗಿದೆ ಅಂತ. ಮಲ್ಟಿಮೀಟರ್ ಇಟ್ಟರೆ 1.25 ವೋಲ್ಟ್! ಆ ಗುರುತು ಅಲ್ಕಲೈನ್, ಅಂದರೆ ಬಳಸಿ ಬಿಸಾಡುವ 1.5 ವೋಲ್ಟ್ ಸೆಲ್ಲಿನ ಲೆಕ್ಕದ್ದು. ನಮ್ಮ ಸೆಲ್ ಬಹಳ ದಿನ ಅಲ್ಲೇ ನಿಂತು ಕೊನೆಗೆ ದಿಢೀರ್ ಇಳಿಯುತ್ತದೆ. ಈಗ ಮೌಸಿನ ಹೊಟ್ಟೆಗೆ ಟೇಪ್ ಅಂಟಿಸಿ ತಾರೀಖು ಬರೆಯುತ್ತೇವೆ, ಒಂದೂವರೆ ತಿಂಗಳಿಗೊಮ್ಮೆ ಬದಲು. ಕೀಬೋರ್ಡಿನ ಜೋಡಿ ಸೆಲ್ ಹೊಂದಿಸಲು ನನ್ನದೇ ಒಂದು ವಿಧಾನ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪ್ಲಾಸ್ಟಿಕ್ ಕವಚದೊಳಗೆ ಎಎಎ ಕೂರಿಸಿ ಎಎ ಮೌಸಿಗೆ ಹಾಕಿದೆ. ಹತ್ತು ಗ್ರಾಂಗಿಂತ ಜಾಸ್ತಿ ತೂಕ ಇಳಿಯಿತು, ಮಣಿಕಟ್ಟು ನೋವೂ ಕಡಿಮೆಯಾಯಿತು. ಎರಡು ಮೂರು ವಾರಕ್ಕೇ ಚಾರ್ಜ್ ಬೇಕು, ಆದರೂ ನನ್ನ ಮೌಸಿಗೆ ಅದೇ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಸೆಲ್ಲೂ ನೋಡಿದೆ. ಕೊನೆವರೆಗೂ ಫುಲ್ ತೋರಿಸಿ, ಗಿರಾಕಿ ಎದುರೇ ಲಗ್ನಪತ್ರಿಕೆ ಜೋಡಿಸುವಾಗ ಕೈಕೊಟ್ಟಿತು. ವಾಪಸ್ ಇಟ್ಟೆ.

ಮೊದಲು ತಿಂಗಳಿಗೆ ಸೆಲ್ಲಿಗೇ 150 ರೂಪಾಯಿ ಹೋಗುತ್ತಿತ್ತು. ಅಲ್ಕಲೈನ್ ಸೋರಿ ಹಾಳಾದ ಕೀಬೋರ್ಡಿನ 1,800 ಬೇರೆ. ಕಳೆದ ದೀಪಾವಳಿಗೆ ಹಾಕಿದ ದುಡ್ಡು ಪೂರ್ತಿ ಹುಟ್ಟಿತು.

ಒಂದು ಹಳೇ ಮೌಸ್ ಮಾತ್ರ ಇನ್ನೂ ಒಪ್ಪಿಲ್ಲ, 1.2ಕ್ಕೆ ಇಳಿದ ತಕ್ಷಣ ಆಫ್. ಬಿಡಿ ಕೆಲಸಕ್ಕೆ ಅಂತ ಇಟ್ಟಿದ್ದೇವೆ. ಅದಕ್ಕೆ ಅಲ್ಕಲೈನ್ ಹಾಕಿ, ಶನಿವಾರ ಸಂಜೆ ಬಾಗಿಲು ಹಾಕುವ ಮುಂಚೆ ತೆಗೆದಿಡುತ್ತೇನೆ.